ಚಿಕ್ಕನಾಯಕನಹಳ್ಳಿ ಕಡೆಯ ಒಂದು ಗಣಿ ಆಲಿಕೆ ಸಭೆ

ಹನ್ನೊಂದು ಗಂಟೆಗೆ ಎಂದು ಪ್ರಕಟವಾಗಿದ್ದ ಸಭೆಗೆ ಒಂಬತ್ತೂವರೆಗೇ ಶಾಮಿಯಾನದ ಮುಂದಿನ ಸಾಲುಗಳು ತುಂಬಿಹೋಗಿದ್ದವು. ಕೂತವರಲ್ಲಿ ಅರ್ಧಕ್ಕರ್ಧ ಸುತ್ತಮುತ್ತಲ ಯಾವ ಊರಿನವರೂ ಅಲ್ಲ. ಕಬ್ಬಿಣದ ಅದಿರಿನ ಗಣಿಗೆ ಪರಿಸರ ಆಲಿಕೆ, ಅಂದರೆ ಪರಿಸರ ಅನುಮತಿಗೆ ಮೊದಲು ಜನರ ಅಹವಾಲು ಕೇಳುವ ಸಭೆ ಎಂದರೆ ಇದು ಮಾಮೂಲು. ಹಾಜರಿ ಪುಸ್ತಕ ನಡಾವಳಿಗೆ ಲಗತ್ತಾಗುವುದರಿಂದ ಬೆಟ್ಟದ ಸಾಲಿನ ಊರುಗಳವರು ಸಹಿಯ ಪಕ್ಕದಲ್ಲೇ ಊರು, ಜಮೀನಿನ ಸರ್ವೆ ನಂಬರ್ ಎರಡನ್ನೂ ಬರೆದರು. ಮುಂದೆ ಪಟ್ಟಿ ನೋಡಿದವರಿಗೆ ಯಾರು ಎಲ್ಲಿಂದ ಬಂದವರು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಬಹಿಷ್ಕಾರ ಹಾಕೋಣ ಎಂಬ ಮಾತು ಹಿಂದಿನ ರಾತ್ರಿ ಎದ್ದಿತ್ತು. ಅದನ್ನು ಕೈಬಿಟ್ಟಿದ್ದು ಒಳ್ಳೆಯದೇ ಆಯಿತು. 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ ಆಲಿಕೆಗೆ ಕೋರಂ ಇಲ್ಲ. ನಾಲ್ಕೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಅಲ್ಲಿ ಕೈ ಎತ್ತಿಸುವುದೂ ಇಲ್ಲ, ವೋಟೂ ಇಲ್ಲ. ಸಾವಿರ ಜನ "ಬೇಡ" ಎಂದು ಕೂಗಿದರೆ ನಡಾವಳಿಯಲ್ಲಿ "ಸಾರ್ವಜನಿಕರು ವಿರೋಧ ವ್ಯಕ್ತಪಡಿಸಿದರು" ಎಂಬ ಒಂದು ಸಾಲು ಬೀಳುತ್ತದೆ. ಕಂಪನಿ ಲಿಖಿತವಾಗಿ ಉತ್ತರ ಕೊಡಲೇಬೇಕಾದ್ದು ನಿರ್ದಿಷ್ಟ ಆಕ್ಷೇಪಣೆಗೆ ಮಾತ್ರ.

ಈ ಭಾಗದವರಿಗೆ ಗಣಿ ಹೊಸದಲ್ಲ. ಸುಪ್ರೀಂ ಕೋರ್ಟ್ 2011ರ ಆಗಸ್ಟ್ 26ರಂದು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸುವ ತನಕ ತೆಂಗಿನ ಗರಿಗಳು ಕೆಂಪಗೆ ನಿಂತಿದ್ದನ್ನು ಕಂಡವರೇ ಎಲ್ಲ. ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು 2013ರ ಏಪ್ರಿಲ್ 18ರ ತೀರ್ಪು ಒಪ್ಪಿತು, ಅಕ್ರಮ ಹೆಚ್ಚಿದ್ದ 'ಸಿ' ವರ್ಗದವು ರದ್ದಾದವು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ರಾಜ್ಯದಲ್ಲಿ ಒಂದು ನಿಗಮ ಹುಟ್ಟಿತು. ಹಳೆಯ ಗಾಯಕ್ಕೆ ಔಷಧ ಹಚ್ಚುತ್ತಿರುವಾಗಲೇ ಪಕ್ಕದಲ್ಲಿ ಹೊಸದು ಯಾಕೆ, ಸುತ್ತಲ 10 ಕಿಲೋಮೀಟರ್ ಒಳಗಿನ ಎಲ್ಲ ಗಣಿಗಳ ಒಟ್ಟು ಪರಿಣಾಮವನ್ನು ಯಾವ ಪುಟದಲ್ಲಿ ಲೆಕ್ಕ ಹಾಕಿದ್ದೀರಿ ಎಂಬುದೇ ಅಂದಿನ ಮೊದಲ ಪ್ರಶ್ನೆ.

ಪುಟದ ಸಂಖ್ಯೆ ಹಿಡಿದು ಕೇಳುವುದಕ್ಕೆ ಒಂದು ತಿಂಗಳ ತಯಾರಿ ಬೇಕು. ಆಲಿಕೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕಂಪನಿ ಬರೆಸಿದ ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿಗಳಲ್ಲಿ ಓದಲು ಸಿಗಬೇಕು. ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. ಸಾರಾಂಶದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕುತ್ತು ಇರುವುದು ಇಂಗ್ಲಿಷ್ ವರದಿಯ ನೀರು, ಗಾಳಿ, ಸಾಗಾಟ, ತ್ಯಾಜ್ಯ ಮಣ್ಣಿನ ಅಧ್ಯಾಯಗಳಲ್ಲಿ. ಓದು ಬಲ್ಲ ಹುಡುಗ ಹುಡುಗಿಯರು ಅವನ್ನು ಹಂಚಿಕೊಂಡು ಓದಿದ್ದರು.

ಗಾಳಿಯ ಅಧ್ಯಾಯವನ್ನೇ ನೋಡಿ. ಮಳೆಗಾಲ ಬಿಟ್ಟು ಒಂದು ಋತುವಿನ ಮಾಪನ ಸಾಕು ಎಂಬುದು ನಿಯಮ. ಈ ವರದಿಯವರು ಅಕ್ಟೋಬರ್‌ನಿಂದ ಡಿಸೆಂಬರ್ ಆರಿಸಿಕೊಂಡಿದ್ದರು. ಆಗ ಗಾಳಿ ಈಶಾನ್ಯದ್ದು, ಧೂಳು ನೈಋತ್ಯಕ್ಕೆ, ಗುಡ್ಡದ ಕಡೆಗೇ ಬೀಳುತ್ತದೆ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವಾಗ ಪೂರ್ವಕ್ಕಿರುವ ತೋಟಗಳ ಗತಿ ಏನು? ಹೆಸರಿಗೆ ಅದು ಮಳೆಗಾಲ. ಆದರೆ ನಮ್ಮಲ್ಲಿ ಜೂನ್, ಜುಲೈಯಲ್ಲಿ ಗಾಳಿಯೇ ಜಾಸ್ತಿ, ಮಳೆ ಕಡಿಮೆ. ಮಳೆ ಹಿಡಿಯುವುದು ಸೆಪ್ಟೆಂಬರ್ ಹೊತ್ತಿಗೆ. ಪಿಎಂ10, ಅಂದರೆ ಉಸಿರಿನೊಳಗೆ ಹೋಗುವ ಸಣ್ಣ ಧೂಳು, ದಿನದ ಸರಾಸರಿ ಮಿತಿಯಾದ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟುವುದಿಲ್ಲ ಎಂದು ತೋರಿಸಿದ ಕೋಷ್ಟಕ ಈ ಪ್ರಶ್ನೆಯ ಮುಂದೆ ಜೊಳ್ಳಾಯಿತು.

ಲಾರಿಯ ಲೆಕ್ಕಕ್ಕೆ ಕಾಗದ, ಪೆನ್ನು ಸಾಕು. ವರ್ಷಕ್ಕೆ 3 ಲಕ್ಷ ಟನ್ ಅದಿರು, 300 ಕೆಲಸದ ದಿನ ಎಂದರೆ ದಿನಕ್ಕೆ 1,000 ಟನ್. ಲಾರಿಗೆ 20 ಟನ್‌ನಂತೆ 50 ಲೋಡು, ಹೋಗಿ ಬರುವುದು ಸೇರಿ 100 ಓಡಾಟ. ಹತ್ತು ಗಂಟೆ ಓಡಿದರೆ ಶಾಲೆಯ ಮುಂದೆ ಆರು ನಿಮಿಷಕ್ಕೊಂದು ಲಾರಿ. ರಸ್ತೆಗೆ ನೀರು ಚಿಮುಕಿಸುತ್ತೇವೆ ಎಂದು ಬರೆದಿದ್ದರೆ ದಿನಕ್ಕೆ ಎಷ್ಟು ಲೀಟರ್, ಯಾವ ಬೋರ್‌ವೆಲ್‌ನಿಂದ, ಅಂತರ್ಜಲ ಪ್ರಾಧಿಕಾರದ ಅನುಮತಿ ಎಲ್ಲಿ ಎಂದು ಕೇಳಬೇಕು. ಧೂಳು ಅಡಗಿಸಲು ತೋಟದ ನೀರನ್ನೇ ಎತ್ತುವುದಾದರೆ ಅದು ಇನ್ನೊಂದು ನಷ್ಟ.

ಅಂದು ಸಭೆಯ ದಿಕ್ಕು ತಿರುಗಿಸಿದವರು ಕುರಿ ಮೇಯಿಸುವ ಒಬ್ಬ ಹಿರಿಯರು. ಗಣಿ ಪ್ರದೇಶದಲ್ಲಿ ಯಾವುದೇ ಜಲಮೂಲವಿಲ್ಲ ಎಂದು ವರದಿಯಲ್ಲಿತ್ತು. ಅವರು ಮೈಕ್ ಮುಂದೆ ನಿಂತು, "ನಮ್ ಹಳ್ಳ ಈ ಪುಸ್ತಕದಾಗೆ ಎಲ್ಲೈತೆ, ಒಸಿ ತೋರ್ಸಿ ಸ್ವಾಮಿ" ಅಂದರು. ವರದಿ ಬರೆದವರು ಪುಟ ತಿರುವಿದರು, ನಕ್ಷೆ ಬಿಚ್ಚಿದರು, ಸಿಗಲಿಲ್ಲ. ಅಷ್ಟರಲ್ಲಿ ಪಕ್ಕದವರು ಸರ್ವೆ ಇಲಾಖೆಯ ಗ್ರಾಮ ನಕ್ಷೆ ಮೇಜಿನ ಮೇಲೆ ಹಾಸಿದರು. ಹಳ್ಳ ಅದರಲ್ಲಿ ಸ್ಪಷ್ಟವಾಗಿತ್ತು. ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ ಎಂದು ಪಹಣಿಯಲ್ಲೂ ಇತ್ತು. ವರ್ಷಕ್ಕೆ ಕೆಲವೇ ದಿನ ಹರಿಯುವ ಹಳ್ಳ ನಿಜ, ಆದರೆ ಕೆಳಗಿನ ಕೆರೆ ತುಂಬುವುದು ಆ ಕೆಲವೇ ದಿನಗಳಲ್ಲಿ.

ಅದೇ ಹಳ್ಳದ ತಲೆಯಲ್ಲಿ ತ್ಯಾಜ್ಯ ಮಣ್ಣಿನ ಗುಡ್ಡೆ ಬರುವುದಿತ್ತು. ಅದಿರಿನಷ್ಟೇ ಮಣ್ಣು ತೆಗೆದರೂ ಐದು ವರ್ಷಕ್ಕೆ 15 ಲಕ್ಷ ಟನ್. ಗುಡ್ಡೆಯ ಬುಡಕ್ಕೆ ತಡೆಗೋಡೆ, ಸುತ್ತ ಗಾರ್ಲ್ಯಾಂಡ್ ಚರಂಡಿ, ಕೊನೆಗೆ ಹೂಳು ನಿಲ್ಲುವ ಗುಂಡಿ ಎಂದು ಚಿತ್ರವೇನೋ ಅಂದವಾಗಿತ್ತು. ಇವು ಕೈಕೊಡುವುದು ಒಂದೇ ರೀತಿ: ಮೊದಲ ದೊಡ್ಡ ಮಳೆಗೇ ಚರಂಡಿ ಹೂಳು ತುಂಬಿಕೊಳ್ಳುತ್ತದೆ, ಎತ್ತಿಸುವವರಿಲ್ಲ, ಎರಡನೆಯ ಮಳೆಗೆ ನೀರು ಅಂಚು ಹಾರಿ ಕೆಂಪು ಗೋಡು ನೇರ ಕೆರೆಗೆ. ನಯವಾದ ಆ ಗೋಡು ಕೆರೆಯಂಗಳಕ್ಕೆ ಅಂಟಿಕೊಂಡರೆ ನೀರು ಇಂಗುವುದೂ ಕಡಿಮೆ. ಗುಂಡಿಯ ಅಳತೆ ಎಷ್ಟು, ಎಷ್ಟು ಮಿಲಿಮೀಟರ್ ಮಳೆಗೆ ಲೆಕ್ಕ ಹಾಕಿದ್ದು, ಹೂಳು ಎತ್ತುವ ತಿಂಗಳು ಯಾವುದು ಎಂದು ಮೂರು ಪ್ರಶ್ನೆ ಬರೆದುಕೊಟ್ಟರು.

ಗಣಿ ಬೇಕು ಎಂದವರೂ ಇದ್ದರು. ಟಿಪ್ಪರ್ ಸಾಲ ಕಟ್ಟಬೇಕಾದ ಹುಡುಗರು ಸಿಟ್ಟಿನಲ್ಲೇ ಮಾತಾಡಿದರು. ಅವರನ್ನು ಕೂಗಿ ಕೂರಿಸಲು ನೋಡಿದ್ದು ಸರಿಯಲ್ಲ. ಇಡೀ ಸಭೆಯ ವಿಡಿಯೊ ಆಗುತ್ತಿರುತ್ತದೆ, ಗಲಾಟೆಯ ಚಿತ್ರ ಕಂಪನಿಗೇ ಅನುಕೂಲ. ಮೇಲಾಗಿ ಅವರೂ ಊರ ಮಕ್ಕಳೇ.

ಎರಡೂವರೆ ಹೊತ್ತಿಗೆ ಊಟದ ಪೊಟ್ಟಣ ಬಂದವು, ಪೆಂಡಾಲ್ ಖಾಲಿಯಾಗತೊಡಗಿತು. ಕೆಲಸ ಕೆಡುವುದು ಇಲ್ಲೇ. ನಡಾವಳಿಯ ಸಾರಾಂಶವನ್ನು ಕೊನೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು, ಅದೇ ದಿನ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಹಾಕಬೇಕು. ಓದುವಾಗ ಹಳ್ಳದ ವಿಷಯ "ನೀರಿನ ಸಮಸ್ಯೆ ಕುರಿತು ಪ್ರಸ್ತಾಪಿಸಿದರು" ಎಂದಾಗಿತ್ತು. ಉಳಿದುಕೊಂಡಿದ್ದ ಹೆಂಗಸರು ಎದ್ದು ನಿಂತರು. ಸರ್ವೆ ನಂಬರ್, ಬಿ ಖರಾಬು, ಕೆರೆಯ ಹೆಸರು ಸೇರುವ ತನಕ ಸಹಿ ಆಗಲು ಬಿಡಲಿಲ್ಲ. ಲಿಖಿತ ಆಕ್ಷೇಪಣೆಗಳ ಎರಡನೆಯ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಗ್ರಾಮಸಭೆಯ ನಿರ್ಣಯದ ದೃಢೀಕೃತ ನಕಲೂ ಅದರ ಜೊತೆ ಹೋಯಿತು.

ಆಲಿಕೆ ನಡೆಸುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಈ ಕಡತವನ್ನು ಎಂಟು ದಿನದೊಳಗೆ ಅನುಮತಿ ನೀಡುವ ಪ್ರಾಧಿಕಾರಕ್ಕೆ ಕಳಿಸಬೇಕು. ನಡಾವಳಿ, ವಿಡಿಯೊ ಎರಡಕ್ಕೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಟ್ಟದ್ದಾಗಿದೆ. ಕಂಪನಿಯ ಉತ್ತರಗಳು ಅಂತಿಮ ವರದಿಯಲ್ಲಿ ಬರುತ್ತವೆ; ಪರಿಸರ ಅನುಮತಿಯ ಅರ್ಜಿಗಳಿರುವ ಕೇಂದ್ರ ಸರ್ಕಾರದ 'ಪರಿವೇಶ್' ಜಾಲತಾಣವನ್ನು ವಾರಕ್ಕೊಮ್ಮೆ ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಲಾಗಿದೆ. ಅನುಮತಿ ಸಿಕ್ಕಿಬಿಟ್ಟರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನ, ಅದರಾಚೆಗೆ ಇಲ್ಲ.