ಗೋದಾಮಿನ ಜಾಗ, ಅವ್ವನ ಬಿಸಿಲು

ಪತ್ರಿಕೆಯ ಒಳಪುಟದಲ್ಲಿ, ಹೆಸರು ಬದಲಾವಣೆಯ ಜಾಹೀರಾತಿಗೂ ಕಳೆದುಹೋದ ಅಂಕಪಟ್ಟಿಯ ಜಾಹೀರಾತಿಗೂ ನಡುವೆ ಅಂಗೈ ಅಗಲದ ಒಂದು ಪ್ರಕಟಣೆ ಬಂದಿತ್ತು. ಇಂಥ ಜಾಗವನ್ನು ಕೈಗಾರಿಕೆ ಉದ್ದೇಶದಿಂದ ವಸತಿ ಉದ್ದೇಶಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸಬಹುದು ಎಂದು. ಮನೆಗಳ ನಕ್ಷೆ ಬರೆಯುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತೆರಡು ವರ್ಷಗಳಿಂದ ಇಂಥ ಪ್ರಕಟಣೆಗಳನ್ನು ಕಣ್ಣಾಡಿಸುತ್ತಲೇ ಬಂದಿದ್ದೇನೆ. ಅದರಲ್ಲಿ ನಮ್ಮ ಬೀದಿಯನ್ನು ಕಂಡದ್ದು ಇದೇ ಮೊದಲು. ‘ಚೆಕ್ಕುಬಂದಿ: ಉತ್ತರಕ್ಕೆ ಖಾಸಗಿ ಮನೆ’ ಎಂದಿತ್ತು. ಆ ಖಾಸಗಿ ಮನೆ ನಮ್ಮದು.

ಪ್ರಕಟಣೆಯ ಜಾಗ ನಮ್ಮ ಪಕ್ಕದ ಹಳೆಯ ಗೋದಾಮು, ದಾವಣಗೆರೆ ರೈಲು ನಿಲ್ದಾಣದಿಂದ ನನ್ನ ನಡಿಗೆಯಲ್ಲಿ ಒಂಬತ್ತು ನಿಮಿಷ. ಅವ್ವನ ನಡಿಗೆಯಲ್ಲಿ ಇಪ್ಪತ್ತೈದು, ಅದೂ ನಡುವೆ ಎರಡು ಕಡೆ ಕುಳಿತುಕೊಂಡು. ಬಸ್ ನಿಲ್ದಾಣವೂ ನಡೆದು ಹೋಗುವಷ್ಟೇ ದೂರ. ಜಾಗ ಹನ್ನೊಂದು ಗುಂಟೆ, ಅಂದರೆ ಸುಮಾರು 12,000 ಚದರಡಿ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಹತ್ತಿಯ ಅಂಡಿಗೆಗಳು ಇಳಿಯುತ್ತಿದ್ದವು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಉಳಿದದ್ದು ತುಕ್ಕು ಹಿಡಿದ ತಗಡು, ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಗಿಡ ಮತ್ತು ಲೆಕ್ಕವಿಲ್ಲದಷ್ಟು ಪಾರಿವಾಳ. ಯಜಮಾನರ ಮಕ್ಕಳು ಈಗ ಅಲ್ಲಿ ಕೆಳಗೆ ವಾಹನ ನಿಲುಗಡೆ, ಮೇಲೆ ನಾಲ್ಕು ಅಂತಸ್ತು, ಅಂತಸ್ತಿಗೆ ಆರರಂತೆ 24 ಮನೆ ಕಟ್ಟಬೇಕೆಂದಿದ್ದಾರೆ. ನಕ್ಷೆ ಬರೆದದ್ದು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೀದಿಯಲ್ಲಿ ಅರ್ಧ ಜನ ಹಾಗೆಂದೇ ನಂಬಿದ್ದಾರೆ.

ಭಾನುವಾರ ಸಂಜೆ ಗಣಪತಿ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಸಭೆಯೆಂದ ಮೇಲೆ ನರ್ಗಿಸ್ ಮಂಡಕ್ಕಿ ಇರಲೇಬೇಕು, ಮಿರ್ಚಿಯೂ ಬಂತು. ಮಿರ್ಚಿ ಬಿಸಿಯಾಗಿರುವವರೆಗೆ ಎಲ್ಲರೂ ಒಮ್ಮತದಲ್ಲಿದ್ದರು. ಮೊದಲು ಮಾತಾಡಿದವರು ನಮ್ಮ ಮೇಷ್ಟ್ರು. ಎಂಬತ್ತರ ಹತ್ತಿರ ವಯಸ್ಸು, ಇಂದಿಗೂ ಇಸ್ತ್ರಿ ಮಾಡಿದ ಅಂಗಿ. “ಇದು ಮನೆಗಳ ಬೀದಿ. ಡಬ್ಬಿಯ ಮೇಲೆ ಡಬ್ಬಿ ಪೇರಿಸಿದರೆ ಬೀದಿ ಉಳಿಯುವುದಿಲ್ಲ” ಎಂದರು. ನೀರು ಸಾಲುವುದಿಲ್ಲ ಎಂದು ಒಬ್ಬರು, ಕಾರು ಎಲ್ಲಿ ನಿಲ್ಲಿಸುತ್ತಾರೆ ಎಂದು ಇನ್ನೊಬ್ಬರು. ಹಾಗೆ ಕೇಳಿದವರ ಎರಡು ಕಾರುಗಳೂ ಆ ಹೊತ್ತಿಗೆ ರಸ್ತೆಯಲ್ಲೇ, ಗೋದಾಮಿನ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಒಳಚರಂಡಿಯ ಮಾತು ಬಂತು, ಮಕ್ಕಳು ಆಡುವ ಜಾಗದ ಮಾತು ಬಂತು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಹೇಳಿತು: “ಇಪ್ಪತ್ನಾಲ್ಕು ಮನೆ ಎಂದರೆ ಯಾರ್ಯಾರೋ ಬರುತ್ತಾರೆ.”

ಆಮೇಲೆ ಯಾರೂ ನೀರಿನ ಮಾತು ಎತ್ತಲಿಲ್ಲ.

ಈ ‘ಯಾರ್ಯಾರೋ’ ಎಂಬ ಪದ ನನಗೆ ಚಿಕ್ಕಂದಿನಿಂದ ಗೊತ್ತು. ನಾವು ಇದೇ ಬೀದಿಗೆ ಬಂದಾಗ ನಾವೇ ಯಾರ್ಯಾರೋ. ಅಪ್ಪ ಮಿಲ್ಲಿನಲ್ಲಿ ಪಾಳಿಯ ಕೆಲಸಕ್ಕಿದ್ದರು. ಈಗ ಎರಡು ಮಾರ್ಬಲ್ ಮನೆಗಳು ನಿಂತಿರುವ ಜಾಗದಲ್ಲಿ ಆಗ ವಠಾರವಿತ್ತು. ನಲವತ್ತು ಅರವತ್ತರ ನಿವೇಶನ, ಏಳು ಮನೆ, ಒಂದು ನಲ್ಲಿ, ಎರಡು ಪಾಯಿಖಾನೆ, ಮೂವತ್ನಾಲ್ಕು ಜನ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ನಿದ್ದೆ ಮಾಡಲೆಂದು ಏಳು ಮನೆಯ ಮಕ್ಕಳೂ ಮಧ್ಯಾಹ್ನದವರೆಗೆ ಪಿಸುಮಾತಿನಲ್ಲೇ ಜಗಳ ಆಡುತ್ತಿದ್ದೆವು. ಕೊಡದ ಸಾಲಿನಲ್ಲಿ ನಮ್ಮ ಕೊಡದ ಗುರುತು ಕಂಠಕ್ಕೆ ಕಟ್ಟಿದ ಕೆಂಪು ಚಿಂದಿ. ಆ ಚಿಂದಿಯನ್ನು ಬಿಚ್ಚಿ ಇನ್ನೊಂದು ಕೊಡಕ್ಕೆ ಕಟ್ಟಿದ್ದಕ್ಕಾಗಿ ನಡೆದ ಜಗಳಕ್ಕೆ ಬೀದಿಯೇ ಸೇರಿತ್ತು. ವಠಾರ ಸ್ವರ್ಗವಾಗಿರಲಿಲ್ಲ. ಮಳೆಗಾಲದಲ್ಲಿ ಪಾಯಿಖಾನೆಯ ಮುಂದೆ ಚೊಂಬು ಹಿಡಿದು ನಿಂತವರಿಗೆ ಅದರ ಬಗ್ಗೆ ಕವಿತೆ ಹುಟ್ಟುವುದಿಲ್ಲ. ಆದರೆ ಲೆಕ್ಕವನ್ನಂತೂ ಮಾಡಬಹುದು. ಆ ವಠಾರದ ಒತ್ತಿನಲ್ಲಿ ಗೋದಾಮಿನ ಹನ್ನೊಂದು ಗುಂಟೆಗೆ 170 ಜನ ಹಿಡಿಯುತ್ತಾರೆ. ಈಗ ಬರಬೇಕೆಂದಿರುವ 24 ಮನೆಗಳಿಗೆ ಮನೆಗೆ ಐದರಂತೆ ಹಿಡಿದರೂ 120.

ವಠಾರದ ಮೂರನೆಯ ಮನೆಗೆ ಜಗಳೂರು ಕಡೆಯಿಂದ ಒಂದು ಟ್ರಂಕು, ಒಂದು ಚಾಪೆ ಹಿಡಿದುಕೊಂಡು ಬಾಡಿಗೆಗೆ ಬಂದವರು ಯಾರೆಂದುಕೊಂಡಿರಿ? ನಮ್ಮ ಮೇಷ್ಟ್ರೇ. ಸಭೆಯಲ್ಲಿ ಇದನ್ನು ಹೇಳಬೇಕೆಂದು ನಾಲಗೆಯ ತುದಿಯವರೆಗೂ ಬಂದಿತ್ತು. ನನಗೆ ಅಕ್ಷರ ತಿದ್ದಿಸಿದವರು, ನುಂಗಿಕೊಂಡೆ.

ನಾನು ನೆನೆಯುತ್ತಿದ್ದದ್ದು ಒಬ್ಬ ನರ್ಸ್ ಹುಡುಗಿಯನ್ನು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ, ಮನೆ ಹರಿಹರದಲ್ಲಿ. ಹದಿನಾಲ್ಕು ಕಿಲೋಮೀಟರ್ ಏನು ಮಹಾ, 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟೂ ಇಲ್ಲ. ಆದರೆ ಪಾಳಿ ರಾತ್ರಿ ಹತ್ತಕ್ಕೆ ಮುಗಿದ ದಿನ ಬಸ್ಸು ಬಿಟ್ಟಿಯೋ ದುಡ್ಡಿನದೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಅದು ಬರುತ್ತದೆಯೋ ಇಲ್ಲವೋ ಎಂಬುದಷ್ಟೇ. “ಅಕ್ಕ, ನಿಮಗೆ ಮನೆಗಳು ಗೊತ್ತಿರುತ್ತವಲ್ಲ, ನಿಲ್ದಾಣದ ಹತ್ತಿರ ಒಂದು ಕೋಣೆ ಇದ್ದರೆ ಹೇಳಿ” ಎಂದು ಕೇಳಿ ವರ್ಷವಾಯಿತು. ನಾಲ್ಕು ಮನೆ ತೋರಿಸಿದೆ. ಒಂದರಲ್ಲಿ ಮೊಟ್ಟೆ ಬೇಯಿಸುತ್ತೀರಾ ಎಂದು ಕೇಳಿದರು. ಎರಡರಲ್ಲಿ ಮದುವೆಯಾಗಿದೆಯೇ ಎಂದು ಕೇಳಿದರು. ನಾಲ್ಕನೆಯದರಲ್ಲಿ ಏನೂ ಕೇಳಲಿಲ್ಲ, ಬಾಡಿಗೆ ಮಾತ್ರ ಅವಳ ಸಂಬಳದ ಅರ್ಧ ಇತ್ತು.

ಮನೆಗಳೇ ಕಡಿಮೆ ಇರುವ ಕಡೆ ಬಾಡಿಗೆ ಕೊಡುವವರು ಹೀಗೆಯೇ ಆರಿಸುತ್ತಾರೆ. ನಿಲ್ದಾಣದ ಸುತ್ತ ಮನೆ ಸಿಗದೆ ಊರು ಹೊರಗೆ ಹೊರಗೆ ಬೆಳೆಯುತ್ತಿದೆ. ಶಾಮನೂರು ರಸ್ತೆ, ಹದಡಿ ರಸ್ತೆಯ ಕಡೆ ಹೋಗಿ ನೋಡಿ. ಭದ್ರಾ ಕಾಲುವೆಯ ನೀರು ಕುಡಿದು ಭತ್ತ ಬೆಳೆದ ಗದ್ದೆಗಳು ಮೂವತ್ತು ನಲವತ್ತರ ನಿವೇಶನಗಳಾಗಿವೆ. ಅಲ್ಲಿಂದ ಹಾಲು ತರಲೂ ಸ್ಕೂಟರ್ ಬೇಕು. ಇತ್ತ ರೈಲಿಗೆ ನಡೆದು ಹೋಗಬಹುದಾದ ಕಡೆ ಹನ್ನೊಂದು ಗುಂಟೆಯಲ್ಲಿ ಪಾರಿವಾಳ ಸಾಕಿದ್ದೇವೆ. ಕೇಂದ್ರ ಸರ್ಕಾರ 2017ರಲ್ಲಿ ಒಂದು ನೀತಿ ಹೊರಡಿಸಿತ್ತು. ಸಾರಿಗೆ ನಿಲ್ದಾಣದ ಸುತ್ತ 500ರಿಂದ 800 ಮೀಟರ್ ಒಳಗೆ ಜನ ಒತ್ತಾಗಿ ವಾಸಿಸುವಂತಾಗಬೇಕು, ಕಡಿಮೆ ವರಮಾನದವರಿಗೂ ಅಲ್ಲಿ ಮನೆ ಸಿಗಬೇಕು ಎಂಬುದು ಅದರ ಸಾರ. ಬರೆದವರ ಕಣ್ಣ ಮುಂದೆ ಇದ್ದದ್ದು ಮೆಟ್ರೋ ಓಡುವ ಊರುಗಳು. ನಮ್ಮಲ್ಲಿ ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ನಿಂತು ಬೆವರಿದ ತಲೆಮಾರುಗಳಿವೆ, ಮೆಟ್ರೋ ಎಲ್ಲಿಂದ ಬರಬೇಕು? ಆದರೂ ಒಂಬತ್ತು ನಿಮಿಷದ ನಡಿಗೆ ಎಲ್ಲ ಊರಿನಲ್ಲೂ ಒಂಬತ್ತೇ ನಿಮಿಷ.

ಕಾನೂನಿನ ಮಾತನ್ನೂ ಸಭೆಯಲ್ಲಿ ಹೇಳಿದೆ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು ಊರಿನ ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಗುರುತಿಸಿದ ಭೂ ಉಪಯೋಗವನ್ನು ಬದಲಾಯಿಸಲು ದಾರಿ ಕೊಡುತ್ತದೆ. ಆದರೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಹಾಗಾಗಿ ಬೇಡ ಎಂದಷ್ಟೇ ಬರೆದರೆ ಫೈಲಿನಲ್ಲಿ ಅದು ಒಂದು ಹಾಳೆ, ಅಷ್ಟೇ. ಏನು ಬೇಡ, ಅದರ ಬದಲು ಏನು ಬೇಕು ಎಂದು ಅಡಿ, ಲೀಟರ್ ಸಮೇತ ಬರೆದರೆ ಉತ್ತರ ಕೇಳಬಹುದು. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ನಾವು ನಕ್ಷೆಯಲ್ಲಿ ಹಿಡಿಯುವ ಲೆಕ್ಕ. 120 ಜನರಿಗೆ 16,200 ಲೀಟರ್. ನಲ್ಲಿ ನೀರು ನಾಲ್ಕು ದಿನ ಬಾರದಿದ್ದರೂ ನಡೆಯಬೇಕಾದರೆ 65,000 ಲೀಟರಿನ ಸಂಪು ಬೇಕು. ಅದನ್ನು ನೆಲದಡಿಯಲ್ಲಿ ಕಟ್ಟದೆ ಮೊದಲ ದಿನವೇ ಕೊಳವೆಬಾವಿ ಕೊರೆದರೆ ಒಣಗುವುದು ನಮ್ಮ ಹಿತ್ತಲ ಬಾವಿ. ಮನೆಗೊಂದು ಕಾರು, ಎರಡು ಬೈಕಿನ ಜಾಗ ಕಾಂಪೌಂಡಿನ ಒಳಗೇ ಇರಬೇಕು. ಕೆಳಗಿನ ನಿಲುಗಡೆಯನ್ನು ಆಮೇಲೆ ಷಟರ್ ಎಳೆದು ಅಂಗಡಿ ಮಾಡಬಾರದು. ಈ ಊರಿನಲ್ಲಿ ನಕ್ಷೆಯ ಮೇಲೆ ನಿಲುಗಡೆಯಾಗಿ ಹುಟ್ಟಿ ಮೊಬೈಲ್ ಅಂಗಡಿಯಾಗಿ ಬೆಳೆದ ಎಷ್ಟು ಜಾಗ ಕಂಡಿದ್ದೇನೆ ಎಂಬುದನ್ನು ನನ್ನ ಕಸುಬಿನವರಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅದರಲ್ಲಿ ಒಂದೆರಡಕ್ಕೆ ಗೆರೆ ಎಳೆದದ್ದು ಈ ಕೈಯೇ.

“ಇಂಜಿನಿಯರಮ್ಮ ಬಿಲ್ಡರ್ ಕಡೆಯವರು” ಎಂದು ಯಾರೋ ಅಂದರು. ನಾನು ಇಂಜಿನಿಯರಳಲ್ಲ, ಡಿಪ್ಲೊಮಾ. ಅದನ್ನು ತಿದ್ದುವಷ್ಟರಲ್ಲಿ ಮಂಡಕ್ಕಿ ಖಾಲಿಯಾಗಿ ಸಭೆ ಚದುರಿತು.

ಮನೆಯಲ್ಲಿ ಕಾದಿದ್ದದ್ದು ನಿಜವಾದ ಆಕ್ಷೇಪಣೆ. ಅವ್ವ ತಾರಸಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. “ಅಷ್ಟೆತ್ತರ ಕಟ್ಟಿದರೆ ನನ್ನ ಬಿಸಿಲು ಹೋಗುತ್ತದಲ್ಲೇ?” ಎಂದಳು.

ಪ್ರತಿ ಬೇಸಿಗೆಯಲ್ಲಿ ಅವಳು ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಾಳೆ. ಅದಕ್ಕೇ ಕೇಳುತ್ತಿದ್ದಾಳೆ ಎಂದುಕೊಂಡು ಸೀಮೆಸುಣ್ಣ ಹಿಡಿದು ತಾರಸಿ ಹತ್ತಿದೆ. ನಮ್ಮೂರು ಉತ್ತರ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಹತ್ತಿರ ಇರುವುದರಿಂದ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟ ಕೋಲಿಗೂ ನೆರಳು ಇರುವುದಿಲ್ಲ. ಪಕ್ಕದಲ್ಲಿ ನಾಲ್ಕಲ್ಲ, ಹತ್ತು ಅಂತಸ್ತು ಕಟ್ಟಿದರೂ ಆ ಹೊತ್ತಿನಲ್ಲಿ ಸಂಡಿಗೆಗೆ ಧಕ್ಕೆಯಿಲ್ಲ. ಇದನ್ನೆಲ್ಲ ಬಗ್ಗಿ ಗೆರೆ ಎಳೆದು ತೋರಿಸಿದೆ. ಅವ್ವ ಪೂರ್ತಿ ಕೇಳಿದಳು. ಆಮೇಲೆ ಮೊಣಕಾಲು ಮುಟ್ಟಿಕೊಂಡು ಹೇಳಿದಳು: “ಸಂಡಿಗೆಯ ಮಾತು ಯಾರು ಆಡಿದರು? ಚಳಿಗಾಲದಲ್ಲಿ ಬೆಳಿಗ್ಗೆ ನಾನು ಎಲ್ಲಿ ಕೂರಲಿ?”

ಮತ್ತೆ ಲೆಕ್ಕ ಹಾಕಿದೆ. ಕಟ್ಟಡ ನಮ್ಮ ತಾರಸಿಗಿಂತ 40 ಅಡಿ ಎತ್ತರ ನಿಲ್ಲುತ್ತದೆ. ಡಿಸೆಂಬರಿನ ನಡುಮಧ್ಯಾಹ್ನ ಅದರ ನೆರಳು ಉತ್ತರಕ್ಕೆ 31 ಅಡಿ ಚಾಚುತ್ತದೆ. ನಡುವೆ ಬಿಡುವ ಜಾಗ ಕಳೆದರೆ ತಾರಸಿಯ ಮೇಲೆ ಹನ್ನೆರಡು ಅಡಿ. ಬೆಳಿಗ್ಗೆ ಒಂಬತ್ತೂವರೆಗೆ ನೆರಳು ಅದರ ಎರಡರಷ್ಟು ಉದ್ದ, ವಾಯವ್ಯಕ್ಕೆ ಬಾಗಿ ಇಡೀ ತಾರಸಿಯನ್ನು ನುಂಗುತ್ತದೆ. ಸೀಮೆಸುಣ್ಣದ ಗೆರೆ ನೀರಿನ ಟ್ಯಾಂಕು ದಾಟಿ, ತುಳಸಿ ಕಟ್ಟೆ ದಾಟಿ, ಅವಳು ಚಾಪೆ ಹಾಸುವ ಮೂಲೆಯನ್ನೂ ದಾಟಿ ಹೋಯಿತು. ಮೇಲಿನ ಅಂತಸ್ತನ್ನು ನಮ್ಮ ಕಡೆಯಿಂದ ಹತ್ತಡಿ ಹಿಂದಕ್ಕೆ ಸರಿಸಿದರೆ ಮಧ್ಯಾಹ್ನದ ಬಿಸಿಲು ಬಹುಪಾಲು ಉಳಿಯುತ್ತದೆ. “ಹನ್ನೊಂದರ ಮೇಲೆ ಕುಳಿತುಕೊಳ್ಳಬಹುದು ಅವ್ವ” ಎಂದೆ.

“ಹನ್ನೊಂದಕ್ಕೆ ಒಲೆಯ ಮೇಲೆ ಬೇಳೆ ಇರುತ್ತದೆ” ಎಂದು ಎದ್ದು ಹೋದಳು.

ರಾತ್ರಿ ಕುಳಿತು ಬರೆದೆ. ಭೂ ಉಪಯೋಗದ ಬದಲಾವಣೆಗೆ ನನ್ನ ತಕರಾರಿಲ್ಲ ಎಂದು ಮೊದಲ ಸಾಲು. ನಂತರ ಸಂಪು, ನಿಲುಗಡೆ, ಉತ್ತರ ದಿಕ್ಕಿನಲ್ಲಿ ಹತ್ತಡಿ ಹಿಂದೆ ಸರಿದ ಮೇಲಂತಸ್ತು, ಎಂಟು ಮನೆಗಳಾದರೂ ಒಂದೇ ಕೋಣೆಯವು. ಆ ಒಂದು ಕೋಣೆಯ ಮನೆಗಳನ್ನು ಬರೆಯುವಾಗ ಯಾವ ಕಲಮಿನ ಬೆಂಬಲವೂ ನನಗಿರಲಿಲ್ಲ, ಸುಮ್ಮನೆ ಬರೆದೆ. ಬೆಳಗಿನ ಬಿಸಿಲಿನ ಬಗ್ಗೆ ಒಂದು ಸಾಲು ಬರೆದು, ಹೊಡೆದು, ಮತ್ತೆ ಬರೆದೆ. ಪರಿಹಾರ ಗೊತ್ತಿಲ್ಲದಿದ್ದರೂ ನಷ್ಟವನ್ನು ದಾಖಲಿಸಬೇಕಲ್ಲ.

ಬೀದಿಯವರ ಮನವಿಗೆ ನಾನು ಸಹಿ ಹಾಕಿಲ್ಲ. ಅದಕ್ಕೆ ಎರಡು ಮನೆಯವರು ಮಾತು ಬಿಟ್ಟಿದ್ದಾರೆ. ಮೇಷ್ಟ್ರು ಬಿಟ್ಟಿಲ್ಲ. ಇಂದು ಸಂಜೆ ತಾವೇ ಬಂದು ನನ್ನ ಅರ್ಜಿ ಕೇಳಿ ಪಡೆದು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಪೆನ್ನು ಕೇಳಿದರು. ಕೊನೆಯಲ್ಲಿ, ನನ್ನ ಸಹಿಯ ಕೆಳಗೆ, ಶಾಲೆಯ ಹಲಗೆಯ ಮೇಲೆ ನಾನು ನೋಡಿದ್ದ ಅದೇ ದುಂಡು ಅಕ್ಷರದಲ್ಲಿ ‘ನೀರಿನ ವಿಷಯಕ್ಕೆ ಮಾತ್ರ ನನ್ನ ಸಮ್ಮತಿ’ ಎಂದು ಬರೆದು ಹೆಸರು ಹಾಕಿದರು. “ವಠಾರದಲ್ಲಿ ನಿಮ್ಮ ಕೆಂಪು ಚಿಂದಿ ಬಿಚ್ಚಿದವನು ನನ್ನ ದೊಡ್ಡ ಮಗ. ನಿನಗೆ ಗೊತ್ತಿತ್ತೇನಮ್ಮ?” ಎಂದರು. ಗೊತ್ತಿರಲಿಲ್ಲ.

ಹೋಗುವ ಮುಂಚೆ ಹಾಳೆಯನ್ನು ಮತ್ತೊಮ್ಮೆ ತೆಗೆದುಕೊಂಡು ಎರಡನೆಯ ಪ್ಯಾರಾದಲ್ಲಿ ಒಂದು ಗೀಟು ಎಳೆದರು. ‘ಅಂತಸ್ತು’ ಎಂಬಲ್ಲಿ ಟೈಪಿಸುವಾಗ ಒತ್ತು ಬಿಟ್ಟುಹೋಗಿತ್ತು. ತಿದ್ದಿದ ಹಾಳೆಯನ್ನು ಕೊಡುವುದು ಬೇಡವೆಂದು ನಾಳೆ ಮತ್ತೆ ಮುದ್ರಿಸಿ, ಸಹಿಗೆ ಅವರ ಮನೆಗೇ ಹೋಗಬೇಕು. ಕೊನೆಯ ದಿನ ಶುಕ್ರವಾರ.