ಗಂಡು ಕುದುರೆಗೆ ಬೇಲಿ ಹಾಕಿಸುವ ಮುನ್ನ

ಹೆಸರಘಟ್ಟ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆ ಒಂದೆರಡು ಎಕರೆ ಜಮೀನು ಕೊಂಡ ಬೆಂಗಳೂರಿನವರು ಮೊಟ್ಟಮೊದಲು ಮಾಡಿಸುವ ಕೆಲಸ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸುವುದು. ಗಡಿ ಒತ್ತುವರಿಯಾಗದಂತೆ, ಊರ ದನಕುರಿ ಒಳಗೆ ಬಾರದಂತೆ ನೋಡಿಕೊಳ್ಳಲು ಅಷ್ಟು ಸಾಕು. ಆದರೆ ಅದೇ ಜಮೀನಿನಲ್ಲಿ ಬೀಜ ತೆಗೆಸದ ಗಂಡು ಕುದುರೆಯನ್ನು ಬಿಟ್ಟು ಮೇಯಿಸುವ ಆಸೆಯಿದ್ದರೆ, ಕುದುರೆ ಬರುವ ಮೊದಲೇ ಆ ಮುಳ್ಳುತಂತಿ ಅಲ್ಲಿಂದ ಹೋಗಬೇಕು. ನಾನು ಸಾಕಿರುವ ಮಾರ್ವಾಡಿ ತಳಿಯ ಗಂಡು ಕುದುರೆಯನ್ನು ನೋಡಲು ಬರುವವರು ತಳಿ, ಬಣ್ಣ, ಬೆಲೆಗಳ ಬಗ್ಗೆ ಕೇಳುತ್ತಾರೆ. ಬೇಲಿಯ ಬಗ್ಗೆ ಕೇಳುವವರು ಕಡಿಮೆ. ಕುದುರೆಯ ಪ್ರಾಣವೂ ಅಕ್ಕಪಕ್ಕದವರ ಪ್ರಾಣವೂ ಬೇಲಿಯನ್ನೇ ನಂಬಿಕೊಂಡಿರುವುದರಿಂದ ಇಲ್ಲಿ ಅದೊಂದನ್ನೇ ಬರೆಯುತ್ತೇನೆ.

ಬೀಜ ತೆಗೆಸಿದ ಕುದುರೆಗೆ ಬೇಲಿಯೆಂದರೆ ಮೇವು ಮುಗಿಯುವ ಜಾಗ, ಅಷ್ಟೇ. ಗಂಡಿಗೆ ಅದು ತಾನು ಕಾಯಬೇಕಾದ ಗಡಿ. ಹೊತ್ತುಹೊತ್ತಿಗೂ ಬೇಲಿಯ ಉದ್ದಕ್ಕೆ ನಡೆದು ಹುಲ್ಲು ಸವೆಯುತ್ತದೆ, ಅಲ್ಲಿ ಕೆಮ್ಮಣ್ಣಿನ ಕಾಲುದಾರಿಯೇ ಬೀಳುತ್ತದೆ. ಗೊತ್ತು ಮಾಡಿಕೊಂಡ ಜಾಗದಲ್ಲಿ ಲದ್ದಿ ಹಾಕಿ, ತಿರುಗಿ ನಿಂತು ಮೂಸಿ, ಮರುದಿನ ಅದರ ಮೇಲೆಯೇ ಹಾಕುತ್ತದೆ. ಗಾಳಿಯಲ್ಲಿ ಹೆಣ್ಣಿನ ವಾಸನೆ ಬಂದರೆ ಕತ್ತೆತ್ತಿ, ಮೇಲ್ದುಟಿ ಮಡಚಿ ಕ್ಷಣಕಾಲ ನಿಲ್ಲುತ್ತದೆ. ಆಮೇಲೆ ಎದೆಯನ್ನು ಬೇಲಿಗೆ ಒತ್ತುತ್ತದೆ. ಹಾರಿ ಹೋಗಿಬಿಟ್ಟೀತು ಎಂಬುದೊಂದೇ ಎಲ್ಲರ ಭಯ. ಆದರೆ ಎದೆಯಿಂದ ನೂಕುವುದು, ಹಿಂಗಾಲಿನಿಂದ ಒದೆಯುವುದು, ಮುಂಗಾಲೆತ್ತಿ ನಿಂತು ಮೇಲಿನ ಅಡ್ಡಪಟ್ಟಿಯ ಆಚೆ ಕಾಲು ಹಾಕಿ ಸಿಕ್ಕಿಬೀಳುವುದು, ಈ ಮೂರನ್ನೂ ಬೇಲಿ ತಾಳಿಕೊಳ್ಳಬೇಕು. ಸುಮಾರು 400 ಕಿಲೋ ತೂಕದ ಪ್ರಾಣಿ ಉದ್ರೇಕದಲ್ಲಿ ಮೈಯೊಡ್ಡಿದಾಗ ಏನಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಬೇಲಿಯನ್ನು ಆರಿಸಬೇಕು. ಅದು ಶಾಂತವಾಗಿ ಮೇಯುತ್ತಿರುವಾಗ ಯಾವ ಬೇಲಿಯಾದರೂ ಸಾಕೆಂದು ಕಾಣುತ್ತದೆ. ಸಾಧಾರಣ ಕುದುರೆಗೆ ನಾಲ್ಕೂವರೆಯಿಂದ 5 ಅಡಿ ಎತ್ತರ ನಡೆಯುತ್ತದೆ. ಗಂಡಿಗೆ ಐದೂವರೆಯಿಂದ 6 ಅಡಿ ಬೇಕು, ಏಕೆಂದರೆ ಅದರ ಹೆಗಲೇ 5 ಅಡಿಯ ಆಸುಪಾಸಿನಲ್ಲಿರುತ್ತದೆ, ಕತ್ತು ಅದಕ್ಕಿಂತ ಮೇಲೆ.

ಮುಳ್ಳುತಂತಿಯ ವಿಷಯದಲ್ಲಿ ನನ್ನದು ರಾಜಿಯಿಲ್ಲದ ಮಾತು. ಕುದುರೆಯ ಕಣ್ಣುಗಳು ತಲೆಯ ಎರಡೂ ಬದಿಗಿದ್ದು ಹೆಚ್ಚುಕಡಿಮೆ ಸುತ್ತಲೂ ನೋಡಬಲ್ಲವು, ಆದರೂ ಓಡುತ್ತಿರುವಾಗ ತೆಳುವಾದ ತಂತಿ ಅದರ ಗಮನಕ್ಕೆ ಬರುವುದಿಲ್ಲ. ಮಂಡಿಯಿಂದ ಕೆಳಗೆ ಅದರ ಕಾಲಿನಲ್ಲಿ ಮಾಂಸಖಂಡವಿಲ್ಲ. ಇರುವುದು ಚರ್ಮ, ಸ್ನಾಯುರಜ್ಜು ಮತ್ತು ಎಲುಬು. ಅಲ್ಲಿ ಮುಳ್ಳು ಸೀಳಿದರೆ ಗಾಯ ಬೇಗ ಕೂಡುವುದಿಲ್ಲ, ಹೊಸ ಮಾಂಸ ಹೊರಗೆ ಉಬ್ಬಿ ಚರ್ಮ ಮುಚ್ಚಲು ಬಿಡುವುದಿಲ್ಲ. ರಜ್ಜು ತುಂಡಾದರೆ ಕುದುರೆ ಮತ್ತೆ ಸರಿಯಾಗಿ ನಿಲ್ಲುವುದೇ ಅನುಮಾನ. ಧನುರ್ವಾಯು ಬಹುಬೇಗ ತಗಲುವ ಪ್ರಾಣಿ ಕುದುರೆ. ಬೇಲಿ ಯಾವುದೇ ಇರಲಿ, ಅದರ ಲಸಿಕೆಯನ್ನು ತಪ್ಪಿಸಬಾರದು.

ಕಲ್ಲುಕಂಬದ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮ ಕಡೆ ಅದು ಸುಲಭವಾಗಿ ಸಿಗುತ್ತದೆ, ನೂರು ವರ್ಷ ಬಾಳುತ್ತದೆ ಎಂಬ ನಂಬಿಕೆಯೂ ಇದೆ. ಮಳೆಬಿಸಿಲಿಗೆ ಅದು ಜಗ್ಗುವುದಿಲ್ಲ ಎಂಬುದು ನಿಜ, ಆದರೆ ಅಡ್ಡಲಾಗಿ ಪೆಟ್ಟು ಬಿದ್ದರೆ ಕಲ್ಲು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ, ಮುರಿದ ಅಂಚು ಹರಿತವಾಗಿರುತ್ತದೆ. ಗಡಿಗೆ ಆಗಲೇ ನೆಟ್ಟಿರುವ ಕಂಬಗಳು ಹಾಗೆಯೇ ಇರಲಿ. ಕುದುರೆಯ ಬೇಲಿ ಅದರ ಒಳಗೆ ಬೇರೆಯಾಗಿ ಏಳಬೇಕು. ಚೈನ್ ಲಿಂಕ್ ಜಾಲರಿ ಒದೆತಕ್ಕೆ ಜೋತುಬಿದ್ದು ಗೊರಸನ್ನು ಹಿಡಿದುಕೊಳ್ಳುತ್ತದೆ. ವೆಲ್ಡ್ ಮೆಷ್ ಬೆಸುಗೆಯಲ್ಲೇ ಬಿಟ್ಟುಕೊಂಡು ಕಡ್ಡಿಗಳು ಚಾಚುತ್ತವೆ. ನೀಲಗಿರಿ, ಸರ್ವೆ ಮರದ ಗಳಗಳು ನೋಡಲು ಚೆನ್ನ, ಆದರೆ ಬುಡಕ್ಕೆ ಗೆದ್ದಲು ಹಿಡಿದರೆ ಮೇಲಿನಿಂದ ತಿಳಿಯುವುದೇ ಇಲ್ಲ. ಸಾಲದೆಂಬಂತೆ ಬೇಸರಗೊಂಡ ಕುದುರೆ ಮರವನ್ನು ಕಚ್ಚಿ ಕಚ್ಚಿ ಸವೆಸುತ್ತದೆ.

ಇವೆಲ್ಲ ನೋಡಿದ ಮೇಲೆ ನಾನು ಒಪ್ಪಿದ್ದು ಎರಡು ಇಂಚಿನ, ದಪ್ಪ ಗೋಡೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು. 20 ಗುಂಟೆಯ ಚೌಕ ಜಾಗ ಹಿಡಿದರೆ ಸುತ್ತಳತೆ ಸುಮಾರು 590 ಅಡಿ. 8 ಅಡಿಗೊಂದರಂತೆ 74 ಕಂಬ ಬೇಕು. ನಾಲ್ಕು ಸಾಲು ಅಡ್ಡಪೈಪಿಗೆ 6 ಮೀಟರಿನ ಸುಮಾರು 120 ಪೈಪು ಹಿಡಿಯುತ್ತದೆ. ಖರ್ಚು ಕಡಿಮೆಯಲ್ಲ. ಕಡಿಮೆ ಮಾಡಬೇಕೆಂದರೆ ಜಾಗವನ್ನು ಕಡಿಮೆ ಮಾಡಿ, ಪೈಪಿನ ದಪ್ಪವನ್ನಲ್ಲ. ಕಂಬದ ಮೂರನೇ ಒಂದು ಭಾಗ ನೆಲದೊಳಗೆ ಕಾಂಕ್ರೀಟಿನಲ್ಲಿ ಕೂರಬೇಕು. ಅಡ್ಡಪೈಪು ಕಂಬದ ಒಳಬದಿಗೆ, ಅಂದರೆ ಕುದುರೆ ಇರುವ ಕಡೆಗೆ ಬರಬೇಕು. ಆಗ ಅದು ನೂಕಿದಷ್ಟೂ ಪೈಪು ಕಂಬಕ್ಕೇ ಆತುಕೊಳ್ಳುತ್ತದೆ. ಹೊರಗಡೆ ಬೆಸೆದರೆ ಪ್ರತಿ ನೂಕಿಗೂ ಬೆಸುಗೆ ಕಿತ್ತುಬರುತ್ತದೆ. ವೆಲ್ಡಿಂಗ್ ಮಾಡುವವರು ಅಂದಕ್ಕಾಗಿ ಹೊರಗಡೆ ಹಾಕಲು ಹೋಗುತ್ತಾರೆ, ಎದುರಿಗೆ ನಿಂತು ಹೇಳಿ ಮಾಡಿಸಬೇಕು. ಕೆಳಗಿನ ಪೈಪಿಗೂ ನೆಲಕ್ಕೂ ಮುಕ್ಕಾಲು ಅಡಿಯಿಂದ ಒಂದು ಅಡಿ ಸಂದಿರಲಿ. ಬೆಸುಗೆಯ ಚೂಪು ತುದಿಗಳನ್ನೆಲ್ಲ ಉಜ್ಜಿಸಿ, ಆ ಜಾಗಗಳಿಗೆ ತುಕ್ಕು ತಡೆಯುವ ಬಣ್ಣ ಬಳಿಸಬೇಕು. ಮೂಲೆಗಳನ್ನು ಚೌಕವಾಗಿ ಬಿಡದೆ ಓರೆಯಾಗಿ ತಿರುಗಿಸಿದರೆ ಓಡಿಬಂದ ಕುದುರೆಗೆ ಹೊರಳಲು ದಾರಿ ಸಿಗುತ್ತದೆ.

ಗೇಟಿನ ಬಗ್ಗೆ ಬೇಲಿಯಷ್ಟೇ ಯೋಚಿಸಬೇಕು, ಏಕೆಂದರೆ ಗಂಡು ಕುದುರೆ ತನ್ನ ಬುದ್ಧಿಯನ್ನೆಲ್ಲ ಅಲ್ಲಿಯೇ ಉಪಯೋಗಿಸುತ್ತದೆ. ಅಗುಳಿಯನ್ನು ತುಟಿಯಿಂದ ಸರಿಸಲು ಕಲಿಯುತ್ತದೆ, ಕೆಳಗೆ ಕತ್ತು ತೂರಿಸಿ ಗೇಟನ್ನೇ ಎತ್ತುತ್ತದೆ. ಎರಡೂ ಕೀಲುಗೂಟಗಳು ಮೇಲ್ಮುಖವಾಗಿದ್ದರೆ ಗೇಟು ಸಲೀಸಾಗಿ ಕಳಚಿ ಬರುತ್ತದೆ. ಮೇಲಿನ ಗೂಟವನ್ನು ಕೆಳಮುಖವಾಗಿ ಬೆಸೆಸಿದರೆ ಎಷ್ಟು ಎತ್ತಿದರೂ ಬರುವುದಿಲ್ಲ. ಗೇಟು ಒಳಕ್ಕೆ ತೆರೆಯುವಂತಿರಲಿ, ಎತ್ತರ ಬೇಲಿಯಷ್ಟೇ ಇರಲಿ, ಮೇಲೊಂದು ಕೆಳಗೊಂದು ಚಿಲಕವಿರಲಿ, ಮೇಲಿನದಕ್ಕೆ ಸರಪಳಿ ಸುತ್ತಿ ಕೊಂಡಿ ಹಾಕಿ. ಹೊರಗೆ 12 ಅಡಿ ಚೌಕದ ಇನ್ನೊಂದು ಆವರಣ ಮಾಡಿಸಿ ಎರಡನೇ ಗೇಟು ಇಡಿಸಿದರೆ, ನೀರು ಮೇವು ಒಯ್ಯುವಾಗ ಎರಡರಲ್ಲಿ ಒಂದು ಸದಾ ಮುಚ್ಚಿಯೇ ಇರುತ್ತದೆ. ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ಕುದುರೆ ಬೆಚ್ಚಿ ಓಡುತ್ತಿರುವಾಗ ನಾನು ನೆಮ್ಮದಿಯಿಂದ ಒಳಗೆ ಹೋಗಿ ಬರುವುದು ಈ ಎರಡನೇ ಗೇಟಿನ ಧೈರ್ಯದಿಂದಲೇ.

ವಿದ್ಯುತ್ ಬೇಲಿ ಒಂದೇ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಗಂಡಿಗೆ ಸಾಕಾಗುವುದಿಲ್ಲ. ಅದು ಮನಸ್ಸಿಗೆ ಹಾಕುವ ತಡೆ. ಉದ್ರೇಕಗೊಂಡ ಗಂಡು ಒಂದು ಶಾಕ್ ತಿಂದೂ ದಾಟಿಹೋಗಬಲ್ಲದು. ಪೈಪಿನ ಬೇಲಿಗೆ ಜೊತೆಯಾಗಿ ಹಾಕಿದರೆ ಮಾತ್ರ ಬಹಳ ಉಪಯೋಗ: ಮೇಲಿನ ಪೈಪಿನ ಒಳಬದಿಗೆ ಇನ್ಸುಲೇಟರ್ ಕೂರಿಸಿ, ಕಣ್ಣಿಗೆ ಕಾಣುವಂತೆ ಅಗಲವಾದ ಬಿಳಿ ಪಟ್ಟಿ ಎಳೆದರೆ, ಕುದುರೆ ಎದೆಯೊಡ್ಡುವ ಅಭ್ಯಾಸವನ್ನೇ ಬಿಡುತ್ತದೆ. ಬೇಲಿಗೆ ಶಾಕ್ ಕೊಡುವ ಯಂತ್ರವಾದ ಸೋಲಾರ್ ಎನರ್ಜೈಸರ್ ಸೆಕೆಂಡಿಗೊಮ್ಮೆ, ಅತ್ಯಲ್ಪ ಹೊತ್ತು ಮಾತ್ರ ಶಾಕ್ ಬಿಡುವುದರಿಂದ ತಗಲಿದ ಪ್ರಾಣಿ ಬಿಡಿಸಿಕೊಳ್ಳಬಹುದು. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ, ಅದು ಮನುಷ್ಯರನ್ನು ಕೊಲ್ಲುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕೆಂಪು ಮಣ್ಣು ಒಣಗಿ ಅರ್ತಿಂಗ್ ಕೈಕೊಡುತ್ತದೆ. ಅರ್ತಿಂಗ್ ಸರಳುಗಳ ಬುಡಕ್ಕೆ ನೀರು ಹಾಕುತ್ತಿರಬೇಕು. ಮಳೆಗಾಲದಲ್ಲಿ ಬಳ್ಳಿ ಬೆಳೆದು ಪಟ್ಟಿಗೆ ತಗಲಿದರೆ ಶಾಕ್ ನೆಲಕ್ಕಿಳಿದು ಹೋಗುತ್ತದೆ.

ಇಷ್ಟಾದ ಮೇಲೂ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿರುವುದು ಅಂತರವನ್ನು. ನಮ್ಮ ಪಕ್ಕದ ಜಮೀನಿನವರು ಮದುವೆ ಮೆರವಣಿಗೆಗೆ ಕಳಿಸುವ ಹೆಣ್ಣು ಕುದುರೆಗಳನ್ನು ಸಾಕಿದ್ದಾರೆ. ಹೆಣ್ಣು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬಂದು ಐದರಿಂದ ಏಳು ದಿನ ಬೆದೆಯಲ್ಲಿರುತ್ತದೆ. ಶೀತ ದೇಶಗಳಲ್ಲಿ ಹಗಲು ಕುಗ್ಗಿದಾಗ ಇದು ನಿಲ್ಲುತ್ತದೆ; ಬೆಂಗಳೂರಿನಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎರಡು ಗಂಟೆಯ ವ್ಯತ್ಯಾಸವೂ ಇಲ್ಲದಿರುವುದರಿಂದ ಅಂಥ ಬಿಡುವನ್ನು ನಂಬುವಂತಿಲ್ಲ. ಆದ್ದರಿಂದ ಆ ಬದಿಗೆ ಮಾತ್ರ 10 ಅಡಿ ಓಣಿ ಬಿಟ್ಟು ಎರಡನೇ ಸಾಲು ಬೇಲಿ ಹಾಕಿಸಿದ್ದೇನೆ. ಮೂಗಿಗೆ ಮೂಗು ತಾಗುವುದಿಲ್ಲ, ಬೇಲಿಯ ನಡುವೆ ಒದೆದಾಟವೂ ಇಲ್ಲ. “ಅಣ್ಣಾ, ನಮ್ಮದು ಬೆದೆಗೆ ಬಂದಿದೆ, ನಿಮ್ಮದನ್ನ ಆಚೆ ಬದಿಗೆ ಕಟ್ಟಿಕೊಳ್ಳಿ” ಎಂದು ಅವರು ಫೋನ್ ಮಾಡುತ್ತಾರೆ. ಆ ದಿನಗಳಲ್ಲಿ ಗಂಡನ್ನು ದೂರದ ಲಾಯದಲ್ಲಿ ಇಟ್ಟುಕೊಳ್ಳುತ್ತೇನೆ.

ಹಾಗೆಂದು ನಾಲ್ಕೂ ಕಡೆ ಎತ್ತರದ ಗೋಡೆ ಕಟ್ಟಿ ಅದನ್ನು ಒಂಟಿಯಾಗಿ ಕೂಡಿಹಾಕುವುದನ್ನು ನಾನು ಒಪ್ಪುವುದಿಲ್ಲ. ಕುದುರೆ ಗುಂಪಿನ ಪ್ರಾಣಿ; ಏನೂ ಕಾಣದ ಕಡೆ ನಿಂತರೆ ಅತ್ತಿತ್ತ ತೂಗಾಡುವ, ಸುತ್ತಿದಲ್ಲೇ ಸುತ್ತುವ ಚಟಗಳು ಹತ್ತುತ್ತವೆ. ಸ್ವಿಟ್ಜರ್ಲೆಂಡಿನ ಅವಾಂಶ್‌ನಲ್ಲಿರುವ ರಾಷ್ಟ್ರೀಯ ಅಶ್ವಕೇಂದ್ರದಲ್ಲಿ ತಳಿಯ ಗಂಡುಗಳನ್ನೇ ಹುಲ್ಲುಗಾವಲಿನಲ್ಲಿ ಗುಂಪಾಗಿ ಬಿಟ್ಟು ಅಧ್ಯಯನ ಮಾಡಿದ್ದಾರೆ. ಅದಕ್ಕೆ ವಿಶಾಲ ಜಾಗವೂ ನುರಿತವರೂ ಬೇಕು. ನಮ್ಮ 20 ಗುಂಟೆಯಲ್ಲಿ ಆಗುವ ಕೆಲಸವಲ್ಲ. ಆದರೆ ಬೀಜ ತೆಗೆಸಿದ ಶಾಂತ ಕುದುರೆಯೊಂದು ಕಣ್ಣಳತೆಯಲ್ಲಿ ಮೇಯುತ್ತಿದ್ದರೆ ಗಂಡು ಬೇಲಿಯನ್ನು ಪರೀಕ್ಷಿಸುವುದು ಎಷ್ಟೋ ತಗ್ಗುತ್ತದೆ.

ತಳಿಗಾಗಿ ಬೇಡವೆಂದಾದರೆ ಬೀಜ ತೆಗೆಸುವುದೇ ಕುದುರೆಗೂ ಒಳ್ಳೆಯದು. ಇಟ್ಟುಕೊಳ್ಳುವುದಾದರೆ ಹೊಣೆಯೂ ನಮ್ಮದೇ: ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಅಪರಾಧ. ನಮ್ಮ ಹೊರಗಿನ ಗೇಟಿಗೆ “ಬೀಜದ ಗಂಡು ಕುದುರೆ ಇದೆ, ಕರೆಯದೆ ಒಳಗೆ ಬರಬೇಡಿ” ಎಂಬ ಫಲಕವನ್ನು ಫೋನ್ ಸಂಖ್ಯೆಯೊಂದಿಗೆ ಹಾಕಿಸಿದ್ದೇನೆ. ಹೊಸ ಬೇಲಿಯೊಳಗೆ ಕುದುರೆಯನ್ನು ಬಿಡುವ ದಿನ ಬೆಳಗ್ಗೆಯೇ ಹಗ್ಗ ಹಿಡಿದು ಬೇಲಿಯ ಪಕ್ಕದಲ್ಲಿ ಪೂರ್ತಿ ಒಂದು ಸುತ್ತು ನಡೆಸಿ, ನಾಲ್ಕೂ ಬದಿಯನ್ನು ಅದು ಮೂಸಿ ನೋಡಿದ ಮೇಲೆಯೇ ಹಗ್ಗ ಬಿಚ್ಚಬೇಕು.