ಬಣ್ಣದ ಮೇಷ್ಟ್ರು ಮತ್ತು ಕರಿ ಉಣ್ಣೆ

ಕಾಲೇಜಿನಲ್ಲಿ ನಮಗೆ ನೂಲಿಗೆ ಬಣ್ಣ ಹಾಕುವುದನ್ನು ಕಲಿಸಿದ ಬಣ್ಣದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ವಾರ ಜವಳಿ ವಿಭಾಗದ ನಮ್ಮ ತಂಡದವರೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿದೆವು. ಒಬ್ಬಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಾಳೆ, ಒಬ್ಬ ಬ್ಯಾಂಕು ಸೇರಿದ್ದಾನೆ, ಇನ್ನೊಬ್ಬಳು ಮನೆ ಮಕ್ಕಳೆಂದು ಹೆಣಿಗೆ ಕಡ್ಡಿಯನ್ನೇ ಬಿಟ್ಟಿದ್ದಾಳೆ. ಅಷ್ಟು ವರ್ಷ ಓದಿದ್ದರಲ್ಲಿ ಏನು ನೆನಪಿದೆ ಎಂದು ಕೇಳಿದರೆ ಯಾರ ಬಾಯಿಂದಲೂ ಒಂದು ಅಧ್ಯಾಯ ಹೊರಡಲಿಲ್ಲ. 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ 18ರ ಹುಡುಗ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಕಂಡುಕೊಂಡದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದು ಉಳಿದದ್ದು ಮೇಷ್ಟ್ರು ಅದನ್ನು ಕಥೆ ಮಾಡಿ ಹೇಳಿದ್ದರಿಂದ. ಆದರೆ ಬಣ್ಣ ಹಿಡಿಯಲೆಂದು ಪಟಕದ ನೀರಿನಲ್ಲಿ ಬೇಯುವ ಒದ್ದೆ ಉಣ್ಣೆಯ ವಾಸನೆಯ ಮಾತೆತ್ತಿದ ಕೂಡಲೇ ಪ್ರತಿಯೊಬ್ಬರ ದನಿಯೂ ಬದಲಾಯಿತು. ಬ್ಯಾಂಕಿನವನಂತೂ ಮಾತು ನಿಲ್ಲಿಸಲೇ ಇಲ್ಲ.

ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಹೆಣಿಗೆ ನನಗೆ ಚೆನ್ನಾಗಿಯೇ ಬರುತ್ತಿತ್ತು. ಚಿಕ್ಕಮ್ಮನಿಂದ ಕಲಿತಿದ್ದೆ. ನೆರೆಹೊರೆಯ ಕೂಸುಗಳಿಗೆಲ್ಲ ಟೋಪಿ, ಕಾಲುಚೀಲ ಹೆಣೆದುಕೊಟ್ಟಿದ್ದೆ. ಮೊದಲ ವಾರವೇ ನನ್ನ ಗುಲಾಬಿ ಬಣ್ಣದ ಸ್ವೆಟರನ್ನು ಮೇಷ್ಟ್ರ ಮೇಜಿನ ಮೇಲೆ ಹರಡಿದೆ. ಅವರು ಅದನ್ನು ತಿರುಗಿಸಿ ಒಳಮೈ ನೋಡಿದರು, ಅಂಚು ಎಳೆದು ನೋಡಿದರು. "ಕೈ ಚೆನ್ನಾಗಿದೆ. ಈ ಬಣ್ಣ ಎಲ್ಲಿಯದು?" ಎಂದರು.

"ಅಂಗಡಿಯದು ಸರ್."

"ಅಂಗಡಿಗೆ ಎಲ್ಲಿಂದ ಬಂತು?"

ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಒತ್ತಾಯಿಸಲಿಲ್ಲ. ಮುಂದಿನ ವಾರ ಚಳ್ಳಕೆರೆ ಕಡೆಯ ಒಂದು ಹಟ್ಟಿಯಿಂದ ತರಿಸಿದ ಒಂದು ಮೂಟೆ ಕುರಿ ಉಣ್ಣೆಯನ್ನು ವಿಭಾಗದ ವೆರಾಂಡಾದಲ್ಲಿ ಸುರಿಸಿದರು. ಹುಲ್ಲು, ಮುಳ್ಳು, ಹಿಕ್ಕೆ ಎಲ್ಲ ಅದರಲ್ಲೇ ಇತ್ತು.

ಅದು ದಖನಿ ಎಂಬ ನಮ್ಮ ಬಯಲುಸೀಮೆಯ ತಳಿಯ ಕುರಿಯ ಉಣ್ಣೆ. ದಖನಿ ಉಣ್ಣೆ ಒರಟು, ಕಪ್ಪು ಎಂದು ಪುಸ್ತಕ ಎರಡು ಪದದಲ್ಲಿ ಮುಗಿಸಿಬಿಡುತ್ತದೆ. ನಾವೂ ಹಾಗೆಯೇ ತಿಳಿದಿದ್ದೆವು. ಬಣ್ಣದ ಪ್ರಕಾರ ವಿಂಗಡಿಸಿ ಎಂದಾಗ ಕರಿ, ಕಂದು, ಬೂದಿ ಎಂದು ಮೂರು ಗುಡ್ಡೆ ಮಾಡಿ ಕೈ ಒರೆಸಿಕೊಂಡೆವು. ಮೇಷ್ಟ್ರು ಬಂದು ಕರಿಯ ಗುಡ್ಡೆಯ ಎದುರು ಕುಕ್ಕರುಗಾಲಿನಲ್ಲಿ ಕುಳಿತು ಎರಡು ಎಳೆ ಎತ್ತಿ ಬಿಸಿಲಿಗೆ ಹಿಡಿದರು. "ಇವೆರಡೂ ಒಂದೇನಾ?" ಒಂದೇ ಆಗಿರಲಿಲ್ಲ. ಒಂದು ಕಾಡಿಗೆಯಂತೆ ಅಚ್ಚಗಪ್ಪು, ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ್ದು. ಇನ್ನೊಂದರ ಬುಡ ಕಪ್ಪಾಗಿದ್ದರೂ ತುದಿ ಬಿಸಿಲು ಬಡಿದು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮುದಿ ಕುರಿಯ ಉಣ್ಣೆಯಲ್ಲಿ ಬಿಳಿ ಕೂದಲು ಸೇರಿಕೊಂಡು ಹೊಗೆಯ ಛಾಯೆ ಬಂದಿತ್ತು. ಹೊಟ್ಟೆಯ ಭಾಗದ್ದು ಮಂಕು, ಬೆನ್ನಿನದು ಕೆಂಚು. ಮಧ್ಯಾಹ್ನ ಬಿಸಿಲು ಸರಿದಂತೆ ನಮ್ಮ ಗುಡ್ಡೆಗಳೂ ಒಡೆಯುತ್ತಾ ಹೋದವು. ಸಂಜೆ ನೋಡಿದರೆ 11 ಗುಡ್ಡೆ. ಒಂದು ಚಿಟಿಕೆಯೂ ಬಣ್ಣ ಹಾಕದೆ ಒಂದೇ ಹಿಂಡಿನಿಂದ ಬಂದ 11 ಬಣ್ಣ! ನನ್ನ ಕಣ್ಣು ತೆರೆದದ್ದು ಆ ವೆರಾಂಡಾದಲ್ಲಿ. ಅದಕ್ಕಿಂತ ಮೊದಲು ನಾನು ಬಣ್ಣವನ್ನು ಆರಿಸಿದ್ದೆ, ನೋಡಿರಲಿಲ್ಲ.

ಉಣ್ಣೆ ಚುಚ್ಚುತ್ತದೆ ಎಂದು ನಮ್ಮಲ್ಲೊಬ್ಬಳು ಮೂಗು ಮುರಿದಳು. ಚುಚ್ಚುವುದೇನೋ ನಿಜ. ಎಳೆಯ ದಪ್ಪ 30 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 30 ಭಾಗ, ದಾಟಿದರೆ ಅದರ ತುದಿ ಬಾಗುವುದಿಲ್ಲ, ಚರ್ಮವನ್ನು ಒತ್ತುತ್ತದೆ. ನುಣುಪಾದ ಮೆರಿನೋ ಉಣ್ಣೆ 20ರ ಆಸುಪಾಸಿನಲ್ಲಿದ್ದರೆ ನಮ್ಮದು 30ನ್ನು ದಾಟಿ ಬಹಳ ಮುಂದೆ ಹೋಗುತ್ತದೆ. ಮೇಷ್ಟ್ರು ಇದನ್ನೆಲ್ಲ ಹಲಗೆಯ ಮೇಲೆ ಬರೆದು ವಿವರಿಸಿ ಕೊನೆಗೆ, "ಕಂಬಳಿಯಲ್ಲಿ ಅನ್ನ ಕಟ್ಟಿಕೊಂಡು ಕೂದಲು ಕೂದಲು ಅಂದರೆ ಹೇಗಮ್ಮಾ? ಇದು ಕೂಸಿನ ಟೋಪಿಗಲ್ಲ, ಮಳೆಯಲ್ಲಿ ಕುರಿ ಕಾಯುವವನ ಮೈಗೆ. ಇದು ಏನಾಗಬಲ್ಲದೋ ಅದನ್ನು ಹೆಣೆ" ಎಂದರು.

ಹೆಣೆಯಲು ಕುಳಿತರೆ ಬೇರೆಯೇ ಪೇಚು. ಕಂಬಳಿಗೆಂದು ನೂತ ನೂಲು ತಂದು ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಹಾಕಿ ಚೌಕ ಹೆಣೆದರೆ ಅದು ಚೌಕವಾಗಿ ನಿಲ್ಲುತ್ತಲೇ ಇರಲಿಲ್ಲ, ಪಕ್ಕಕ್ಕೆ ವಾಲಿಕೊಳ್ಳುತ್ತಿತ್ತು. ನೀರಿಗೆ ಹಾಕಿ, ಗುಂಡುಸೂಜಿ ಚುಚ್ಚಿ ಒಣಗಿಸಿದರೂ ಸೂಜಿ ತೆಗೆದ ಮೇಲೆ ಮತ್ತೆ ಓರೆ. ಮೇಷ್ಟ್ರನ್ನು ಕೇಳಿದರೆ ಉತ್ತರ ಹೇಳಲಿಲ್ಲ. "ನೂತವರನ್ನು ಕೇಳು" ಎಂದು ಬಸ್ಸಿನ ದಾರಿ ಹೇಳಿದರು.

ಹಾಗೆ ಸಿಕ್ಕಿದವರು ಹಟ್ಟಿಯ ಅಜ್ಜಿ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ, ಸಂಬಳದ ಪಟ್ಟಿಯಲ್ಲೂ ಇರಲಿಲ್ಲ. ಆದರೂ ನನ್ನ ಅಧ್ಯಾಪಕರು ಯಾರು ಎಂದು ಕೇಳಿದರೆ ನಾನು ಎರಡನೆಯ ಹೆಸರಾಗಿ ಅವರನ್ನೇ ಹೇಳುತ್ತೇನೆ. ಗುಡಿಸಲ ಮುಂದೆ ರಾಟೆ ಇಟ್ಟುಕೊಂಡು ಬಲಗೈಯಲ್ಲಿ ಚಕ್ರ ತಿರುಗಿಸುತ್ತಾ ಎಡಗೈಯ ಹಂಜಿಯಿಂದ ಎಳೆ ಬಿಡುತ್ತಿದ್ದರು. ಕಣ್ಣು ಮಾತ್ರ ದೂರದ ಕುರಿಗಳ ಮೇಲೆ. ನನ್ನ ಓರೆ ಚೌಕವನ್ನು ನೋಡಿದ ಅಜ್ಜಿ ಕದಿರಿನಿಂದ ಮೊಳದುದ್ದ ನೂಲು ಬಿಚ್ಚಿ ಎರಡೂ ತುದಿ ಹಿಡಿದು ಸಡಿಲ ಬಿಟ್ಟರು. ನೂಲು ತನಗೆ ತಾನೇ ಸುತ್ತಿಕೊಂಡು ಮುರುಟಿತು. "ನೋಡು ತಾಯಿ, ಇದು ಹಾಸಿನ ನೂಲು. ಇದಕ್ಕೆ ಹುರಿ ಜಾಸ್ತಿ. ಮಗ್ಗಕ್ಕೆ ಬೇಕು, ನಿನ್ನ ಕಡ್ಡಿಗೆ ಬೇಡ. ಹೊಕ್ಕಿನದು ತಗೋ, ಎರಡು ಎಳೆ ಸೇರಿಸಿ ಹಿಂದುಮುಂದಾಗಿ ಹುರಿ ಹಾಕು."

ಪುಸ್ತಕದಲ್ಲಿ ಇದೇ ಮಾತು ಇಡೀ ಪುಟ ತುಂಬಿದೆ: ಒಂಟಿ ಎಳೆಯಲ್ಲಿ ಉಳಿದ ತಿರುಚು ಕುಣಿಕೆಗಳನ್ನು ಒಂದೇ ಕಡೆಗೆ ಎಳೆಯುತ್ತದೆ, ಎರಡು ಎಳೆಗಳನ್ನು ವಿರುದ್ಧ ದಿಕ್ಕಿನಲ್ಲಿ ಹುರಿಗೊಳಿಸಿದರೆ ಆ ಸೆಳೆತ ಸರಿದೂಗುತ್ತದೆ ಎಂದು. ಓದಿ ಪರೀಕ್ಷೆಯಲ್ಲಿ ಬರೆದವರೂ ಇದ್ದರು. ಕೈಗೆ ಅರ್ಥವಾದದ್ದು ಅಜ್ಜಿಯ ಬೆರಳುಗಳ ನಡುವೆ ಆ ನೂಲು ಮುರುಟಿಕೊಂಡಾಗ. ಎರಡೆಳೆ ಹುರಿ ಮಾಡಿ, ದಪ್ಪ ಕಡ್ಡಿ ಹಿಡಿದು ಸಡಿಲವಾಗಿ ಹೆಣೆದ ಮೇಲೆ ನನ್ನ ಚೌಕ ನೆಟ್ಟಗೆ ನಿಂತಿತು. ಮಗ್ಗದ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು, ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಅವರ ಮಗ ನೇಯುವುದನ್ನು ನೋಡಿದ್ದೂ ಅಲ್ಲಿಯೇ. ಹಟ್ಟಿಯಿಂದ ಮರಳುವಾಗಲೆಲ್ಲ ನನ್ನ ಚೀಲದಲ್ಲಿ ಒಂದು ಲಡಿ ಹೆಚ್ಚೇ ಇರುತ್ತಿತ್ತು.

ಬಣ್ಣ ಹಾಕುವ ಕೋಣೆ ಮೇಷ್ಟ್ರ ಸಾಮ್ರಾಜ್ಯ. ಮೊದಲ ದಿನವೇ ಗಾಜಿನ ಪಾತ್ರೆಯಲ್ಲಿ ಕಾಸ್ಟಿಕ್ ಸೋಡಾ ಕುದಿಸಿ ಒಂದು ತುಣುಕು ಉಣ್ಣೆ ಹಾಕಿ ತೋರಿಸಿದರು. ನೋಡನೋಡುತ್ತಿದ್ದಂತೆ ಉಣ್ಣೆ ಕರಗಿ ಕಾಣೆಯಾಯಿತು. ಪಕ್ಕದಲ್ಲಿ ಹಾಕಿದ್ದ ಹತ್ತಿ ಹಾಗೆಯೇ ಇತ್ತು. ಉಣ್ಣೆಗೆ ಕ್ಷಾರ ಆಗದು ಎಂದು ಅವರು ಮತ್ತೆಂದೂ ಹೇಳಬೇಕಾಗಲಿಲ್ಲ. 100 ಗ್ರಾಂ ಉಣ್ಣೆಗೆ 10ರಿಂದ 15 ಗ್ರಾಂ ಪಟಕ, ನಿಧಾನ ಬಿಸಿ, ಒಲೆಯ ಮೇಲೆ ಇರುವಷ್ಟು ಹೊತ್ತು ಉಜ್ಜುವಂತಿಲ್ಲ, ತೆಗೆದ ಕೂಡಲೇ ತಣ್ಣೀರಿಗೆ ಹಾಕುವಂತಿಲ್ಲ. ಹಾಕಿದರೆ ಉಣ್ಣೆ ಗಟ್ಟಿಗಟ್ಟಿ ಕಂಬಳಿಯ ತುಂಡೇ ಆಗುತ್ತದೆ.

ಕಪ್ಪು ಉಣ್ಣೆಗೆ ಬಣ್ಣ ಹತ್ತಿಸುವುದು ಹೇಗೆ ಎಂದು ನಾವು ಗೊಣಗುತ್ತಿದ್ದೆವು. ಅಚ್ಚಗಪ್ಪಿನ ಮೇಲೆ ಯಾವ ಬಣ್ಣವೂ ಕಾಣದು. ಆದರೆ ಬೂದಿಯ ಗುಡ್ಡೆ, ಕೆಂಚು ಗುಡ್ಡೆ ಇದ್ದವಲ್ಲ! ದಾಳಿಂಬೆ ಸಿಪ್ಪೆಯ ರಸದಲ್ಲಿ ಬೂದಿ ಉಣ್ಣೆ ಪಾಚಿಯ ಬಣ್ಣಕ್ಕೆ ಬಂತು. ಮಂಜಿಷ್ಠದ ಬೇರಿನ ರಸದಲ್ಲಿ ಕೆಂಚು ಉಣ್ಣೆ ಸುಟ್ಟ ಇಟ್ಟಿಗೆಯ ಕೆಂಪಾಯಿತು. ಮಂಜಿಷ್ಠದ ಪಾತ್ರೆ ಕುದಿಯಬಾರದು, ಕುದಿದರೆ ಕೆಂಪು ಹೋಗಿ ಕಂದು ಉಳಿಯುತ್ತದೆ. ಉಷ್ಣಮಾಪಕ ಗೋಡೆಗೆ ತೂಗುಹಾಕಿದ್ದರೂ ಮೇಷ್ಟ್ರು ಹಬೆಯ ಮೇಲೆ ಅಂಗೈ ಹಿಡಿದೇ ಒಲೆ ತಗ್ಗಿಸುತ್ತಿದ್ದರು. ಚಿಟಿಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಹಾಕಿದರೆ ಯಾವ ಬಣ್ಣವೂ ಮಾಗಿ ಗಾಢವಾಗುತ್ತಿತ್ತು. ನೀಲಿಯ ತೊಟ್ಟಿಯದಂತೂ ಬೇರೆಯೇ ಲೋಕ. ಲಡಿಯನ್ನು ಎತ್ತಿದಾಗ ಅದು ಹಳದಿ ಮಿಶ್ರಿತ ಹಸಿರು. ಗಾಳಿ ತಾಗಿದಂತೆ ಅಂಚಿನಿಂದ ನೀಲಿ ಹರಡುತ್ತಾ ಬರುತ್ತದೆ. ನಾವು ಮಾತು ನಿಲ್ಲಿಸಿ ನೋಡುತ್ತಿದ್ದೆವು. ಬಿಳಿ ಉಣ್ಣೆಗೆ ಬರುವ ನೀಲಿ ನೀಲಿಯಷ್ಟೇ. ಹೊಗೆ ಬಣ್ಣದ ದಖನಿ ಉಣ್ಣೆಗೆ ಬರುವ ನೀಲಿಯಲ್ಲಿ ಮಳೆಗಾಲದ ಮೋಡವೇ ಇದೆ. ಇಂದಿಗೂ ನನ್ನ ಕೆಲಸದ ಮೂಲಬಣ್ಣ ಅದೇ.

ಕುರ್ಚಿಯ ಪ್ರಸಂಗವನ್ನು ಹೇಳದಿದ್ದರೆ ನಮ್ಮ ತಂಡದವರು ನನ್ನನ್ನು ಕ್ಷಮಿಸುವುದಿಲ್ಲ. ಮೇಷ್ಟ್ರ ಕಬ್ಬಿಣದ ಕುರ್ಚಿ ಕಲ್ಲಿನ ನೆಲದ ಮೇಲೆ ಕಿರ್ರೆಂದು ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದರೆ ತರಗತಿ ಶುರುವಾಯಿತೆಂದೇ ಲೆಕ್ಕ. ನಾವು ನಾಲ್ವರು ಸೇರಿ ಕುರ್ಚಿಯ ನಾಲ್ಕು ಕಾಲಿಗೂ ಕಾಲುಚೀಲ ಹೆಣೆಯುವುದೆಂದು ನಿಶ್ಚಯಿಸಿದೆವು, ಒಬ್ಬೊಬ್ಬರಿಗೆ ಒಂದು ಕಾಲು. ಊಟದ ಬಿಡುವಿನಲ್ಲಿ ತೊಡಿಸಿ, ಏನೂ ಅರಿಯದವರಂತೆ ಪುಸ್ತಕ ತೆರೆದು ಕುಳಿತೆವು. ಮೇಷ್ಟ್ರು ಬಂದು ಕುರ್ಚಿ ಎಳೆದರು. ಸದ್ದಿಲ್ಲ. ಇನ್ನೊಮ್ಮೆ ಎಳೆದರು. ಆಮೇಲೆ ಕುರ್ಚಿಯನ್ನು ಎತ್ತಿ ಮೇಜಿನ ಮೇಲೆ ಬೋರಲಾಗಿ ಇಟ್ಟು, ನೂಲು ಎಣಿಸುವ ಭೂತಗನ್ನಡಿ ತೆಗೆದುಕೊಂಡು ಒಂದೊಂದು ಕಾಲನ್ನೂ ಪರೀಕ್ಷಿಸಿದರು.

"ಇದು ಬಿಗಿ ಕೈ. ಅಂಗುಲಕ್ಕೆ ಒಂದು ಕುಣಿಕೆ ಹೆಚ್ಚು" ಎಂದು ನನ್ನತ್ತ ನೋಡಿದರು. "ಇದರ ಕುಣಿಕೆಗಳೆಲ್ಲ ತಿರುಚಿಕೊಂಡಿವೆ, ಹಿಂದಿನಿಂದ ಕಡ್ಡಿ ಹಾಕುವವಳು ನೀನೊಬ್ಬಳೇ. ಇದು ಆರಂಭದಲ್ಲಿ ಸಡಿಲ, ಕೊನೆಗೆ ಬಿಗಿ, ಅವಸರದವನದು." ಒಬ್ಬೊಬ್ಬರನ್ನೂ ಬೆರಳಿಟ್ಟು ತೋರಿಸಿದರು, ನಾಲ್ಕೂ ಸರಿ. ಬರವಣಿಗೆ ನೋಡಿ ಬರೆದವರನ್ನು ಗುರುತಿಸುವವರನ್ನು ಕಂಡಿದ್ದೆವು, ಹೆಣಿಗೆಯನ್ನು ಹೀಗೆ ಓದುವವರನ್ನು ಅಂದೇ ಕಂಡದ್ದು. ಅಲ್ಲಿಯವರೆಗೂ ಅವರ ಮುಖದಲ್ಲಿ ನಗುವಿತ್ತು. ನಾಲ್ಕನೆಯ ಕಾಲಿನ ಉಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿದಾಗ ಮಾತ್ರ ದನಿ ಏರಿತು. "ಮರಿ ಉಣ್ಣೆ! ನಾನು ಕಪಾಟಿನಲ್ಲಿ ಎತ್ತಿಟ್ಟ ಮರಿ ಉಣ್ಣೆಯನ್ನು ಕುರ್ಚಿಯ ಕಾಲಿಗೆ ತೊಡಿಸಿದಿರಾ?" ಶಿಕ್ಷೆಯಾಗಿ ವಿಭಾಗದ ಎಲ್ಲ ಕುರ್ಚಿಗಳಿಗೂ ಕಾಲುಚೀಲ ಹೆಣೆಯಬೇಕಾಯಿತು, ಆದರೆ ಹೊಟ್ಟೆಯ ಭಾಗದ ಮಂಕು ಉಣ್ಣೆಯಲ್ಲಿ. ನಾವು ಓದು ಮುಗಿಸಿ ಹೊರಡುವಾಗಲೂ ಕುರ್ಚಿಗಳು ಅವನ್ನು ತೊಟ್ಟುಕೊಂಡೇ ಇದ್ದವು.

ಕೊನೆಯ ವರ್ಷ ನಾನು ಹೆಣೆದದ್ದು ಆ 11 ಗುಡ್ಡೆಗಳ ಹೊದಿಕೆ. ಒಂದು ತುದಿಯಲ್ಲಿ ಮರಿಯ ಅಚ್ಚಗಪ್ಪು, ಇನ್ನೊಂದು ತುದಿಯಲ್ಲಿ ಮುದಿ ಕುರಿಯ ಬೂದಿ. ಎರಡು ಗುಡ್ಡೆ ಸೇರುವ ಕಡೆ ಆ ಬಣ್ಣದ ಒಂದು ಸಾಲು, ಈ ಬಣ್ಣದ ಒಂದು ಸಾಲು ಹಾಕಿ ಗಡಿಯೇ ಕಾಣದಂತೆ ಬೆಸೆದೆ. ನಡುವೆ ಒಂದೇ ಒಂದು ನೀಲಿ ಪಟ್ಟಿ. ಅದು ಒಳ್ಳೆಯ ಕೆಲಸ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಪ್ರದರ್ಶನಗಳಲ್ಲಿ ಜನ ಅದರ ಮುಂದೆ ನಿಂತು ಯಾವ ಡೈ ಬಳಸಿದಿರಿ ಎಂದು ಕೇಳುತ್ತಾರೆ, ಕುರಿ ಎಂದು ಉತ್ತರಿಸುತ್ತೇನೆ. ಮೇಷ್ಟ್ರು ಅದನ್ನು ಮೊದಲು ನೋಡಿದ ದಿನ ತುದಿಯಿಂದ ತುದಿಗೆ ಅಂಗೈ ಸವರಿ, "ಅಜ್ಜಿಗೆ ತೋರಿಸಿದೆಯಾ?" ಎಂದು ಕೇಳಿದರು. ತೋರಿಸಿದ್ದೆ. ಅಜ್ಜಿ ಅದನ್ನು ಹೊದ್ದು ನೋಡಿ ಮಡಿಸಿ ಕೊಟ್ಟಿದ್ದರು. ಈಗ ನನ್ನದೇ ಸಣ್ಣ ಕಾರ್ಯಾಗಾರವಿದೆ. ಮೇಲಂಗಿ, ಚೀಲ, ದಿಂಬಿನ ಹೊದಿಕೆ ಮಾಡುತ್ತೇವೆ. ಕೊಳ್ಳುವವರು ಕಾಯ್ದು ಕೊಳ್ಳುತ್ತಾರೆ.

ಇತ್ತೀಚೆಗೆ ಕಾಲೇಜಿಗೆ ಬಂದಿದ್ದೆ. ಹೊಸ ಕಟ್ಟಡ ಚೆನ್ನಾಗಿದೆ. ಬಣ್ಣ ಹೊಂದಿಸಲು ಕಂಪ್ಯೂಟರ್ ಬಂದಿರುವುದು ಒಳ್ಳೆಯದೇ, ಕಾರ್ಖಾನೆಗೆ ಅದು ಬೇಕು. ಆದರೆ ಬಣ್ಣದ ತೊಟ್ಟಿಗಳ ಕೋಣೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟು ತುಂಬಿದೆ. ಒಬ್ಬ ವಿದ್ಯಾರ್ಥಿನಿ ತನ್ನ ಪ್ರಾಜೆಕ್ಟ್ ತೋರಿಸಿದಳು. ಕೈ ಬಹಳ ಚುರುಕು. ನೂಲು ಆನ್‌ಲೈನ್‌ನಲ್ಲಿ ತರಿಸಿದ್ದು, ಬಣ್ಣ ಶೇಡ್ ಕಾರ್ಡಿನ ಸಂಖ್ಯೆ. ಸೆಮಿಸ್ಟರ್ ಮುಗಿಯುವುದರೊಳಗೆ ನಾಲ್ಕು ದಾಖಲೆ ಪುಸ್ತಕ ಒಪ್ಪಿಸಬೇಕಂತೆ. ಹಟ್ಟಿಗೆ ಹೋಗಲು ಅವಳಿಗೆ ಸಮಯ ಕೊಡುವವರು ಯಾರು? ತಪ್ಪು ಅವಳದಲ್ಲ. ಆದರೆ ಅದೇ ಹೊತ್ತಿನಲ್ಲಿ ಹಟ್ಟಿಯ ಕಡೆ ಏನಾಗುತ್ತಿದೆ ಎಂಬುದು ನನಗೆ ಕಾಣುತ್ತಿದೆ. ಮಾಂಸಕ್ಕೆ ಬೆಲೆ ಬಂದು, ಉಣ್ಣೆ ಇಲ್ಲದ ಬರಿ ಕೂದಲಿನ ತಳಿಗಳು ಹಿಂಡಿಗೆ ಸೇರುತ್ತಿವೆ. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು ಕುರಿಗಾಹಿಗಳು ಅದನ್ನು ರೊಪ್ಪದ ಬೇಲಿಗೆ ಎಸೆಯುತ್ತಿದ್ದಾರೆ. ನಮ್ಮ ಅಂಗಡಿಗಳಲ್ಲಿ ಲೂಧಿಯಾನದ ನೂಲಿದೆ, ಆಸ್ಟ್ರೇಲಿಯಾದ ಉಣ್ಣೆಯಿದೆ. ಬೇಲಿಯ ಮೇಲೆ ಬಿದ್ದಿರುವುದನ್ನು 11 ಗುಡ್ಡೆ ಮಾಡಬಲ್ಲ ಕಣ್ಣುಗಳು ಜವಳಿ ಓದುವ ಮಕ್ಕಳಿಗೇ ಇಲ್ಲದಿದ್ದರೆ ಇನ್ನಾರಿಗೆ ಬರಬೇಕು?

ಈಗಿನ ಪ್ರಾಂಶುಪಾಲರಿಗೆ ನನ್ನದೊಂದು ಕೋರಿಕೆ ಇದೆ. ಉತ್ತರಪತ್ರಿಕೆಗಳಿಗೆ ಬೇರೆ ಜಾಗ ನೋಡಿ ಆ ತೊಟ್ಟಿಗಳನ್ನು ತೊಳೆಸಿಕೊಡಲಿ. ಮುಂದಿನ ಸಲ ಉಣ್ಣೆ ಕತ್ತರಿಸುವ ಹೊತ್ತಿಗೆ ಒಂದು ಮೂಟೆ ದಖನಿ ಉಣ್ಣೆಯನ್ನು ನನ್ನ ಖರ್ಚಿನಲ್ಲಿ ಕಳಿಸುತ್ತೇನೆ, ಪಟಕ, ಮಂಜಿಷ್ಠ, ನೀಲಿಯೂ ಜೊತೆಗೆ ಬರುತ್ತವೆ. ವಿಂಗಡಿಸುವ ದಿನ ನಾನೇ ಬರುತ್ತೇನೆ. ಬ್ಯಾಂಕಿನವನೂ ರಜೆ ಹಾಕಿ ಬರುವುದಾಗಿ ಒಪ್ಪಿದ್ದಾನೆ. ಬೆಳಗಿನ ಬಿಸಿಲು ಬೀಳುವ ವೆರಾಂಡಾವನ್ನು ಅಂದು ಪೂರ್ತಿ ನಮಗೆ ಬಿಟ್ಟುಕೊಡಬೇಕು, ಮತ್ತು ಮಕ್ಕಳಿಗೆ ಹಾಜರಿ ಕೊಡಬೇಕು.